ಅಣ್ಣ ಹೇಳಿದ ಮೂರು ಎಂಎಂ ತಂತಿ

ಅಣ್ಣ ಹೇಳಿದ್ದು ಮೂರು ಎಂಎಂ ತಂತಿ. ನಾನು ಹಾಕಿದ್ದು ಎರಡು ಎಂಎಂ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಒಂದು ವರ್ಷದ ಮೇಲಾಯಿತು.

ಹೊನ್ನಾವರದ ಬಂದರಿನ ಹತ್ತಿರ ನಾನು ದೋಣಿಗಳ ಇಂಜಿನ್ ರಿಪೇರಿ ಮಾಡುತ್ತೇನೆ. ಅಣ್ಣ ಮುಂಬೈಯಲ್ಲಿ ಫಿಟ್ಟರ್ ಆಗಿದ್ದು ಊರಿಗೆ ಮರಳಿದವನು. ಅಲ್ಲಿಂದ ಅವನು ತಂದದ್ದು ಒಂದೇ ಹುಚ್ಚು, ಆಟದ ವಿಮಾನದ್ದು. ರಿಮೋಟಿನ ವಿಮಾನ ಅಲ್ಲ. ಇದರ ರೆಕ್ಕೆಯ ತುದಿಯಿಂದ ತೆಳ್ಳಗಿನ ಎರಡು ಉಕ್ಕಿನ ಎಳೆಗಳು ಹೊರಟು ಹಾರಿಸುವವನ ಕೈಯ ಹಿಡಿಕೆಗೆ ಬರುತ್ತವೆ. ಅವನು ನಡುವೆ ನಿಲ್ಲುತ್ತಾನೆ, ವಿಮಾನ ಅವನ ಸುತ್ತ ಹಾರುತ್ತದೆ. ಮಣಿಕಟ್ಟು ಮೇಲಾದರೆ ಮೂತಿ ಮೇಲೆ, ಕೆಳಗಾದರೆ ಕೆಳಗೆ. ಕಡಲಿನ ಇಳಿತದ ಹೊತ್ತಿನಲ್ಲಿ ನಮ್ಮ ಪಕ್ಕದ ಕಾಸರಕೋಡಿನ ಗಟ್ಟಿ ಮರಳಿನ ಮೇಲೆ ಅಣ್ಣ ಹಾರಿಸುತ್ತಿದ್ದರೆ ಬಲೆ ಎಳೆಯುವವರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಆಮೇಲೆ ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಣಿಕಟ್ಟನ್ನು ದಿನಾ ಆಡಿಸಬೇಕು, ಬಿಟ್ಟರೆ ಕೈ ಹೋಗೇ ಹೋಗುತ್ತದೆ ಎಂದರು ಕುಮಟಾದ ಡಾಕ್ಟರು. ಚೆಂಡು ಹಿಸುಕು ಎಂದರೆ ಹಿಸುಕುವ ಆಸಾಮಿಯಲ್ಲ ನಮ್ಮಣ್ಣ. ವಿಮಾನದ ಹಿಡಿಕೆಯನ್ನು ರಬ್ಬರಿನಿಂದ ಕಿಟಕಿಯ ಸರಳಿಗೆ ಕಟ್ಟಿಸಿಕೊಂಡು ಬೆಳಿಗ್ಗೆ ಸಂಜೆ ಎಳೆದ. ಆರೇಳು ತಿಂಗಳಲ್ಲಿ ಚಾದ ಲೋಟ ಎತ್ತುವಷ್ಟು ಬಲ ಬಂತು.

"ಇನ್ನೊಂದ್ ವಿಮಾನ ಕಟ್ಟುವಾ. ಈ ಕೈಯಲ್ಲೇ ಹಾರಿಸ್ತೆ," ಎಂದ.

ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, "ಕಟ್ಟಿಕೊಡು ಮಾರಾಯ. ಆ ಆಸೆ ಮೇಲೇ ಅವ್ರ ಕೈ ಆಡ್ತಾ ಉಂಟು," ಎಂದರು.

ಮಳೆಗಾಲ. ದೋಣಿಗಳೆಲ್ಲ ದಡಕ್ಕೆ ಬಂದು ಕೂತಿದ್ದವು. ನಾವೂ ವಿಮಾನ ಕಟ್ಟಲು ಕೂತೆವು, ಅಣ್ಣ ಹೇಳುವವನು, ನಾನು ಮಾಡುವವನು. ರೆಕ್ಕೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ಆಡುವ ಹಲಗೆಗಳಿರುತ್ತವೆ, ಫ್ಲ್ಯಾಪ್ ಎನ್ನುತ್ತಾರೆ. ಅವೆರಡನ್ನೂ ಒಟ್ಟಿಗೆ ಆಡಿಸುವುದು ವಿಮಾನದ ಹೊಟ್ಟೆಯೊಳಗಿನ ಒಂದು ಬಗ್ಗಿಸಿದ ತಂತಿ. ಅದರ ನಡುವೆ ಬೆಸುಗೆ ಹಾಕಿದ ಒಂದು ಕೊಂಬು, ಹಿಡಿಕೆಯ ಎಳೆತ ಬಂದು ತಗಲುವುದು ಅದಕ್ಕೆ. ಕೈ ಹೇಳಿದ್ದು ಫ್ಲ್ಯಾಪಿಗೆ ಮುಟ್ಟುವುದು ಈ ತಂತಿಯಿಂದಲೇ. ಹೊಟ್ಟೆ ಮುಚ್ಚುವ ಹಲಗೆ ಅಂಟಿಸಿಬಿಟ್ಟರೆ ಆಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

"ಮೂರು ಎಂಎಂ ಸ್ಪ್ರಿಂಗ್ ತಂತಿ ಬೇಕು. ಭಟ್ಕಳದಲ್ಲಿ ಸಿಕ್ತದೆ," ಎಂದ ಅಣ್ಣ. "ಬೆರಳಲ್ಲಿ ಬಗ್ಗೋದನ್ನ ತರಬೇಡ. ಅದು ಗಾಳಿಗೂ ಬಗ್ತದೆ."

ಭಟ್ಕಳಕ್ಕೆ ಹೋಗಿ ತಂದೆ. ಅಂಗಡಿಯ ಮೊಳೆಗೆ ತೂಗುಹಾಕಿ ಒಂದು ವಾರ ಆಗಿರಲಿಲ್ಲ, ಅದರ ಮೈಮೇಲೆ ಕೆಂಪು ಚುಕ್ಕೆ. ಕಡಲ ಬದಿಯ ನಮ್ಮ ಕಸುಬಿನಲ್ಲಿ ಯಾವ ಲೋಹ ಕೈಗೆ ಬಂದರೂ ಮೊದಲು ನೋಡುವುದು, ತುಕ್ಕು ಹಿಡಿಯುತ್ತದೋ ಇಲ್ಲವೋ ಎಂದು. ಹಿಡಿದರೆ ಅದು ಕಸ. ಮೂವತ್ತು ವರ್ಷ ಉಪ್ಪುಗಾಳಿಯಲ್ಲಿ ಕೆಲಸ ಮಾಡಿದವನಿಗೆ ಮುಂಬೈಯಿಂದ ಬಂದವನು ಪಾಠ ಹೇಳುವುದೇ ಎಂದು ಮೈ ಉರಿಯಿತು. ದೋಣಿ ಕೆಲಸಕ್ಕೆ ಇಟ್ಟುಕೊಂಡಿದ್ದ ಸ್ಟೇನ್‌ಲೆಸ್ ತಂತಿ ಕೈಗೆ ಸಿಕ್ಕಿತು, ಎರಡು ಎಂಎಂ. ಹಗುರ ಬೇರೆ. ಎರಡರ ತೂಕಕ್ಕೂ ವ್ಯತ್ಯಾಸ ನಾಲ್ಕು ಗೋಡಂಬಿಯಷ್ಟು, ಆದರೂ ಅದನ್ನೇ ದೊಡ್ಡ ಕಾರಣ ಮಾಡಿಕೊಂಡೆ. ತಂತಿ ಬೆರಳಲ್ಲೇ ಬಗ್ಗಿತು. ಆಗಲಾದರೂ ಬುದ್ಧಿ ಬರಬೇಕಿತ್ತು. ಕೊಂಬು ಬೆಸೆದು ಹಲಗೆ ಅಂಟಿಸಿ, ಆತು ಎಂದೆ.

"ಮೂರೇ ಹಾಕಿದ್ಯಲ್ಲಾ?" ಎಂದು ಕೇಳಿದ ಅಣ್ಣ.

ಹೂಂ ಎಂದೆ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಮರಳಿಗೆ ಹೋದೆವು. ಅಣ್ಣ ನಡುವೆ ನಿಂತ. ವಿಮಾನ ಎದ್ದು ಎದೆಮಟ್ಟದಲ್ಲಿ ಹತ್ತು ಸುತ್ತು ಚೆನ್ನಾಗಿಯೇ ಹಾರಿತು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಅವನು ಪಲ್ಟಿ ಹೊಡೆಸಲು ಹೊರಟ. ವಿಮಾನ ಮೇಲೇರಿ, ತಲೆಕೆಳಗಾಗಿ, ಕೆಳಗಿಳಿಯಿತು. ಇನ್ನು ನೆಲ ಮುಟ್ಟುವ ಮೊದಲೇ ಮತ್ತೆ ಮೇಲೇಳಬೇಕು. ಅಣ್ಣನ ಮಣಿಕಟ್ಟು ಪೂರ್ತಿ ಮೇಲೆ ಬಂತು, ಅದನ್ನು ನಾನು ಕಣ್ಣಾರೆ ಕಂಡೆ. ಫ್ಲ್ಯಾಪು ಮಾತ್ರ ಗಾಳಿಗೆ ಸೋತು ಚಪ್ಪಟೆಯಾಗೇ ಇತ್ತು. ವಿಮಾನ ನೇರ ಮರಳಿಗೆ ಹೊಡೆಯಿತು.

ಅಣ್ಣ ವಿಮಾನದ ಕಡೆ ನೋಡಲೇ ಇಲ್ಲ. ತನ್ನ ಕೈಯನ್ನೇ ನೋಡಿದ.

"ಎಳ್ದೆ ಅಂತ ಮಾಡಿದ್ದೆ ತಮ್ಮಾ. ಕೈ ಬರ್ಲಿಲ್ಲ. ಇದು ಹೋತು," ಎಂದ.

ನಾನು ಚೂರುಗಳನ್ನು ಆರಿಸುವ ನೆಪದಲ್ಲಿ ಆ ತಂತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಸಮವಾಗಿ ಇರಬೇಕಿದ್ದ ಎರಡು ತುದಿಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ತಿರುಚಿಕೊಂಡಿತ್ತು. ಗಾಳಿ ಜೋರಿತ್ತು ಎಂದಷ್ಟೇ ಹೇಳಿದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು, ಆದರೂ ಅಷ್ಟೇ ಹೇಳಿದೆ.

ಮರುದಿನ ಕಿಟಕಿಯ ಸರಳಿನಲ್ಲಿ ಹಿಡಿಕೆ ಇರಲಿಲ್ಲ. ಚಾ ಎಡಗೈಯಲ್ಲಿ ಕುಡಿದ. ಗಡ್ಡ ತೆಗೆಯಲು ಅತ್ತಿಗೆಯೇ ಬರಬೇಕಾಯಿತು. ನಾನು ಪ್ರತಿ ಭಾನುವಾರ ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಂಗಡೆ ಮೀನು ಬಂತು, ಡೀಸೆಲ್ ಸಾಕಾಗುವುದಿಲ್ಲ ಎಂದೆಲ್ಲ ಹರಟಿ, ತಂತಿಯನ್ನು ಹಾಗೇ ವಾಪಸು ತರುತ್ತಿದ್ದೆ. ಮುಂದಿನ ವಾರ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು. ಈ ಸಲ ಕುಮಟಾಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಬೆರಳುಗಳನ್ನು ಬಿಡಿಸಲು ನೋಡಿ ಕೈಬಿಟ್ಟರು. ಕೀಲುಗಳೆಲ್ಲ ಬಿಗಿದಿವೆ, ಇನ್ನು ಬರುವುದಿಲ್ಲ ಎಂದರು.

ಅಂದು ಸಂಜೆಯೇ ಹೋಗಿ ಎರಡೂ ತಂತಿಗಳನ್ನು ಅವನ ಮುಂದಿಟ್ಟು ಎಲ್ಲ ಹೇಳಿದೆ. ಅಣ್ಣ ಎಡಗೈಯಲ್ಲಿ ಸ್ಟೇನ್‌ಲೆಸ್ ತಂತಿ ಎತ್ತಿಕೊಂಡು ಹೆಬ್ಬೆರಳಲ್ಲಿ ಒತ್ತಿದ. ಬಗ್ಗಿ ಹಾಗೇ ನಿಂತಿತು. ಭಟ್ಕಳದಿಂದ ತಂದದ್ದು ಕೆಂಪಗೆ ತುಕ್ಕು ಹಿಡಿದಿತ್ತು. ಅದರ ತುದಿಯನ್ನು ನೆಲಕ್ಕೆ ಊರಿ, ಮೊಣಕಾಲಿಗೆ ಕೊಟ್ಟು ಒತ್ತಿ ಬಿಟ್ಟ. ಚಟ್ಟನೆ ನೆಟ್ಟಗಾಯಿತು.

"ಹಂಗಾರೆ ಅವತ್ತು ನನ್ನ ಕೈ ಬಂದಿತ್ತು."

"ಬಂದಿತ್ತು ಅಣ್ಣಾ. ನಾನು ನೋಡಿದ್ದೆ."

ಅವನು ಬೈಯಲಿಲ್ಲ. ತೊಡೆಯ ಮೇಲೆ ಮುಷ್ಟಿಯಾಗಿ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತಂತಿಗಳ ಪಕ್ಕ ಇಟ್ಟ.

"ಈಗ ಹೇಳ್ತ್ಯಾ ಇದನ್ನ?" ಎಂದ.