ಮೊದಲು ಟೆಸ್ಟರನ್ನು ಪರೀಕ್ಷಿಸಿ

ಪಿಯುಸಿ ಮುಗಿಸಿದ ಮಕ್ಕಳು ಹೆತ್ತವರ ಜೊತೆ ನಮ್ಮ ಕಾಲೇಜು ನೋಡಲು ಬರುವ ದಿನ, ಎಲೆಕ್ಟ್ರಿಕಲ್ ವಿಭಾಗದ ಪರಿಚಯ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಉಳಿದ ವಿಭಾಗದವರು ಕೆಲಸ ಕೊಡುವ ಕಂಪನಿಗಳ ಹೆಸರು ಓದುತ್ತಾರೆ. ನನಗೆ ಆ ಬಡಾಯಿ ಬರುವುದಿಲ್ಲ. "ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಅಳೆದು ಪಳಗಿಸುವುದೇ ಈ ಓದು. ಗಣಿತ ಬೇಕು, ತಾಳ್ಮೆ ಅದಕ್ಕಿಂತ ಹೆಚ್ಚು ಬೇಕು" ಎಂದು ಹೇಳಿ, ಕೈಗೆ ಟೆಸ್ಟರ್ ತೆಗೆದುಕೊಳ್ಳುತ್ತೇನೆ.

ಈ ವರ್ಷ ಮೂರನೇ ಸಾಲಿನಲ್ಲಿ ಮಗಳ ಪಕ್ಕ ನನ್ನ ಅಣ್ಣ ಕುಳಿತಿದ್ದ. ಅವಳಿಗೂ ಎಲೆಕ್ಟ್ರಿಕಲ್ಲೇ ಬೇಕಂತೆ. ಟೆಸ್ಟರಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಅಣ್ಣ ಅಪ್ಪನ ಹಾಗೆ ಕಡಲಿಗೆ ಹೋಗದೆ, ನೋಡಿ ನೋಡಿಯೇ ವಯರಿಂಗ್ ಕಲಿತವನು. ನನ್ನನ್ನು ಹಟ ಹಿಡಿದು ಇಂಜಿನಿಯರಿಂಗಿಗೆ ಸೇರಿಸಿದವನೂ ಅವನೇ. ನಾನು ಸೇರಿದ ಎರಡನೇ ಭಾನುವಾರ, ಏಣಿ ಹಿಡಿಯಲು ಯಾರೂ ಸಿಗದೆ, ಫಳ್ನೀರಿನ ಒಂದು ಮನೆಗೆ ನನ್ನನ್ನು ಕರೆದುಕೊಂಡು ಹೋದ. ಹಳೆಯ ವಯರಿಂಗು, ಯಾವ ಸ್ವಿಚ್ಚು ಯಾವುದಕ್ಕೆಂದು ದೇವರೇ ಬಲ್ಲ. ಒಂದು ಸ್ವಿಚ್ಚನ್ನು ಆಫ್ ಮಾಡಿ, ಏಣಿ ಹತ್ತಿ, ವಯರಿಗೆ ಟೆಸ್ಟರ್ ಮುಟ್ಟಿಸಿದ. ಅದರ ದೀಪ ಹೊತ್ತಲಿಲ್ಲ, ಎಂದರೆ ಕರೆಂಟ್ ಇಲ್ಲ. ಟೆಸ್ಟರೇ ಕೆಟ್ಟಿದ್ದರೆ? ಮೊದಲು ಕರೆಂಟ್ ಇರುವ ಕಡೆ ಮುಟ್ಟಿಸಿ, ಅದು ಸರಿಯಿದೆಯೇ ನೋಡಬೇಕೆಂದು ಮೊದಲ ವಾರವೇ ಲ್ಯಾಬಿನಲ್ಲಿ ಕಲಿಸಿದ್ದರು. ಬಾಯಿ ತೆರೆದೆ. ಮನೆಯ ಯಜಮಾನತಿ ಅಲ್ಲೇ ನಿಂತಿದ್ದರು. ಅವರೆದುರು ಅಣ್ಣನಿಗೆ ಪಾಠ ಹೇಳುವುದೇ? ಕಾಲೇಜು ಮೆಟ್ಟಿಲು ಹತ್ತಿ ಎರಡು ವಾರ ಆಗಿಲ್ಲ, ಆಗಲೇ ದೊಡ್ಡಸ್ತಿಕೆ ಎಂದಾರೆಂದು ಸುಮ್ಮನಾದೆ.

ಅಣ್ಣ ವಯರು ಹಿಡಿದ. ಶಾಕ್ ಹೊಡೆದು ಏಣಿಯಿಂದ ಬಿದ್ದ.

ಜೀವ ಉಳಿಯಿತು, ಬಲಗೈ ಮಾತ್ರ ಮತ್ತೆ ಭುಜದ ಮೇಲಕ್ಕೆ ಏಳಲಿಲ್ಲ. ವಯರಿಂಗ್ ಬಿಟ್ಟವನು ಈಗ ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನಿಗೆ ಐಸ್ ಹಾಕುತ್ತಾನೆ, ಎಡಗೈಯಲ್ಲಿ. ಹಣೆಬರಹ ಎನ್ನುತ್ತಾನೆ. ಇಷ್ಟು ವರ್ಷ ನಾನೂ ಹೌದೆಂದು ತಲೆಯಾಡಿಸಿದ್ದೇನೆ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ.

ಈ ಸಲ ಟೆಸ್ಟರನ್ನು ಮೇಜಿನ ಮೇಲೆಯೇ ಬಿಡಬಹುದಿತ್ತು. ಆದರೆ ನಾಳೆ ವಯರು ಮುಟ್ಟುವವಳು ಅವನ ಮಗಳು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಮುಟ್ಟಿಸಿ ನೋಡುವುದರಿಂದ ಹಿಡಿದು ಎಲ್ಲವನ್ನೂ ತೋರಿಸಿ, "ಇದು ಮೊದಲ ವಾರದ ಪಾಠ" ಎಂದೆ.

ಎಲ್ಲರೂ ಎದ್ದ ಮೇಲೆ ಅಣ್ಣ ಹತ್ತಿರ ಬಂದ.

"ನಿನಗೂ ಇದನ್ನು ಮೊದಲ ವಾರವೇ ಕಲಿಸಿದ್ದಾ?"

"ಹೌದು ಅಣ್ಣ."

ಅವನು ಎಡಗೈಯಿಂದ ಬಲಭುಜ ಹಿಡಿದುಕೊಂಡ. "ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ್ತಿ," ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಅವನು ಮಗಳ ಕಡೆ ತಿರುಗಿದ.

"ನೀನು ಇಲ್ಲಿ ಎಂತ ಕಲಿತರೂ, ಅವತ್ತೇ ಮನೆಗೆ ಬಂದು ನನಗೆ ಹೇಳು. ಆಯ್ತಾ?"