ಟೊಮ್ಯಾಟಿಲೊ, ಹಿಕಾಮ ಮತ್ತು ಸಾವಿತ್ರಿಯ ಮೂಗು

ನಮ್ಮ ಮನೆಯಲ್ಲಿ ಸಾರಿನ ರುಚಿ ನೋಡುವ ಕೆಲಸ ಈಗ ನನ್ನದು. ಒಗ್ಗರಣೆ ಬಿದ್ದ ಮೇಲೆ ಅಡುಗೆಮನೆಯಿಂದ ಕರೆ ಬರುತ್ತದೆ. ಹೋಗಿ ಅಂಗೈ ಒಡ್ಡಿದರೆ ನನ್ನ ಹೆಂಡತಿ ಸಾವಿತ್ರಿ ಸೌಟಿನಿಂದ ಎರಡು ತೊಟ್ಟು ಬಿಡುತ್ತಾಳೆ. ನಾನು ನೆಕ್ಕಿ, ಕಣ್ಣು ಮುಚ್ಚಿ, ದೊಡ್ಡ ವಿದ್ವಾಂಸನ ಗತ್ತಿನಲ್ಲಿ ತಲೆದೂಗಿ, "ಚೆನ್ನಾಗಿದೆ" ಎನ್ನುತ್ತೇನೆ. ಚೆನ್ನಾಗಿಲ್ಲದಿದ್ದಾಗಲೂ ಅದನ್ನೇ ಎನ್ನುತ್ತೇನೆ. ಈ ಹುದ್ದೆ ನನಗೆ ಅರ್ಹತೆಯಿಂದ ಸಿಕ್ಕಿದ್ದಲ್ಲ. ಮನೆಯಲ್ಲಿ ಬೇರೆ ನಾಲಿಗೆ ಇಲ್ಲ, ಅದಕ್ಕೆ.

ಒಂದೂವರೆ ವರ್ಷದ ಕೆಳಗೆ, ಮಳೆಗಾಲದಲ್ಲಿ, ಅವಳಿಗೊಂದು ಜ್ವರ ಬಂತು. ವಾರದಲ್ಲಿ ಜ್ವರ ಹೋಯಿತು, ಹೋಗುವಾಗ ಅವಳ ಮೂಗಿನ ವಾಸನೆ ತಿಳಿಯುವ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. "ವಾಪಸ್ ಬರಬಹುದು, ಬರದೆಯೂ ಇರಬಹುದು" ಎಂದರು ಡಾಕ್ಟರು. ಮೂಗು ಕೆಟ್ಟರೆ ಊಟವೂ ಕೆಟ್ಟ ಹಾಗೆ ಎಂದು ನನಗೆ ಗೊತ್ತಾಗಿದ್ದೇ ಆಗ. ನಾಲಿಗೆಯ ಪಾಲಿಗೆ ಬಂದಿರುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ನಾಲ್ಕಾರು ಸುದ್ದಿ ಮಾತ್ರ. ಉಳಿದ ವೈಭವವೆಲ್ಲ ಮೂಗಿನದಂತೆ. ಹುಣಸೆಯ ಹುಳಿಯೂ ನಿಂಬೆಯ ಹುಳಿಯೂ ಅವಳಿಗೀಗ ಒಂದೇ. ಹೂಮಳೆ ಬಿದ್ದು ಕಾಫಿ ಹೂವು ಅರಳಿದ ಬೆಳಿಗ್ಗೆ, ಊರೆಲ್ಲ ಘಮಘಮ ಎನ್ನುವಾಗ, ಜಗಲಿಯಲ್ಲಿ ಕೂತು "ಬಂತಾ?" ಎಂದು ನನ್ನನ್ನು ಕೇಳಿದಳು. "ಬಂತು" ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಅಡುಗೆಯನ್ನು ಕೈಯಳತೆಯ ಮೇಲೆ, ನೆನಪಿನ ಮೇಲೆ ಮಾಡುತ್ತಾಳೆ. ಊಟವನ್ನು ಮಾತ್ರ ಔಷಧಿ ಕುಡಿದ ಹಾಗೆ ಮುಗಿಸುತ್ತಾಳೆ. ಸೊರಗಿಯೂ ಹೋಗಿದ್ದಳು. ಒಂದು ತುತ್ತನ್ನಾದರೂ ಅವಳು ಇಷ್ಟಪಟ್ಟು ತಿನ್ನಬೇಕು ಎನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ.

ನಾನು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಕೊಡಗಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಸಾಹಿತ್ಯಕ್ಕೂ ನನಗೂ ಅದಕ್ಕಿಂತ ಹತ್ತಿರದ ನೆಂಟಸ್ತಿಕೆ ಇಲ್ಲ. ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಸ್ವಲ್ಪ ಜಮೀನು ಮಾಡಿದ್ದರು. ಕೆಲಸ ಬಿಟ್ಟ ಮೇಲೆ ಆ ಮನೆಯ ಹಿತ್ತಲೇ ನನ್ನ ಎಸ್ಟೇಟು. ಪಕ್ಕದ ತೋಟದ ಮುತ್ತಮ್ಮ, ದಕ್ಷಿಣ ಕೊಡಗಿನ ಬಾಳೆಲೆ ಎಂಬ ಊರಿನಿಂದ ಮದುವೆಯಾಗಿ ಇಲ್ಲಿಗೆ ಬಂದವರು, ಗಿಡಗಳ ಹುಚ್ಚು ಹಿಡಿಸಿಕೊಂಡವರು. ಸಾವಿತ್ರಿಯ ಸಂಗತಿ ತಿಳಿದು ಒಂದು ದಿನ ಎರಡು ಪೊಟ್ಟಣ ಬೀಜ ತಂದುಕೊಟ್ಟರು.

"ಎರಡೂ ಮೆಕ್ಸಿಕೋದ್ದು ರೈಟ್ರೇ. ಇದು ಟೊಮ್ಯಾಟಿಲೊ, ಹುಳಿ ಕಾಯಿ. ಇದು ಹಿಕಾಮ, ಗೆಡ್ಡೆ. ಹಾಕಿ ನೋಡಿ. ಹೊಸ ರುಚಿಗಾದ್ರೂ ಅವ್ರ ನಾಲಿಗೆ ಎಚ್ಚರ ಆಗ್ತದಾ ಅಂತ."

ಹಾಸನದವರ ಹಿತ್ತಲಿಗೆ ಮೆಕ್ಸಿಕೋ ಯಾಕೆ ಎಂದು ನಗಬೇಡಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಎಲ್ಲವೂ ಆ ದಿಕ್ಕಿನಿಂದಲೇ ಹಡಗು ಹತ್ತಿ ಬಂದವು. ಮೊದಲ ಸಲ ಟೊಮೆಟೊ ಕಂಡ ಯಾವುದೋ ಅಜ್ಜಿ ಅದನ್ನು ಮಡಿ ಅಡುಗೆಗೆ ಸೇರಿಸದೆ ಎಷ್ಟು ಕಾಲ ಹೊರಗಿಟ್ಟಿದ್ದಳೋ! ಈಗ ಅದಿಲ್ಲದ ದಿನ ನಮಗೆ ಸಾರು ಮಾಡಲು ಕೈಯೇ ಓಡುವುದಿಲ್ಲ.

ಟೊಮ್ಯಾಟಿಲೊ ನಮ್ಮ ಹೊಲದ ಬದುವಿನ ಬುಡ್ಡೆಹಣ್ಣಿನ ಶ್ರೀಮಂತ ದಾಯಾದಿ. ಅದೇ ಪೊರೆಯ ಬುಡ್ಡೆ, ಒಳಗೆ ಕಾಯಿ. ಆದರೆ ಎಲ್ಲವೂ ದೊಡ್ಡದು. ಮೊಳೆತ ಸಸಿಗಳಲ್ಲಿ ಗಟ್ಟಿಯಾದ ಒಂದನ್ನೇ ಉಳಿಸಿಕೊಂಡಿದ್ದೆ. ಅದು ಸೊಂಟದೆತ್ತರ ಬೆಳೆದು, ಕೊಂಬೆಗಳನ್ನು ಸುತ್ತಲೂ ಚಾಚಿ, ಹಳದಿ ಹೂವು ಸುರಿಸಿತು. ಹೂವೆಲ್ಲ ಉದುರಿತು. ಮತ್ತೆ ಹೂ ಬಿಟ್ಟಿತು, ಮತ್ತೆ ಉದುರಿತು. ನಾನು ಗೊಬ್ಬರ ಹಾಕಿದೆ, ಮಜ್ಜಿಗೆ ಚಿಮುಕಿಸಿದೆ, ಬೈದೂ ನೋಡಿದೆ. ಕೊನೆಗೆ ಬೇಲಿಯ ಆಚೆಯಿಂದ ಮುತ್ತಮ್ಮ ಇಣುಕಿ, "ಎಂತ ರೈಟ್ರೇ, ಒಂದೇ ಗಿಡ ಇಟ್ಟಿದ್ದೀರಲ್ಲ? ಜೋಡಿ ಇಲ್ದೆ ಇದು ಕಾಯಿ ಕಚ್ಚೋದಿಲ್ಲ" ಎಂದರು. ಒಂದು ಗಿಡದ ಹೂವಿಗೆ ಇನ್ನೊಂದು ಗಿಡದ ಪರಾಗವೇ ಆಗಬೇಕಂತೆ. ಅವರೇ ಮಣ್ಣಿನ ಚೀಲದಲ್ಲಿ ಬೆಳೆಸಿದ್ದ ಒಂದು ಗಿಡ ಕೊಟ್ಟರು. ಅದನ್ನು ಪಕ್ಕದಲ್ಲಿ ನೆಟ್ಟ ಮೇಲೆ ಜೇನುಹುಳುಗಳು ಇಲ್ಲಿಂದಲ್ಲಿಗೆ ಓಡಾಡಿದವು, ಕೊಂಬೆ ತುಂಬ ಹಸಿರು ಬುಡ್ಡೆಗಳು ತೂಗಾಡಿದವು.

ಹಿಕಾಮದ ಸ್ವಭಾವವೇ ಬೇರೆ. ಅದು ಅವರೆಯ ಜಾತಿಯ ಬಳ್ಳಿ. ಆದರೆ ಅವರೆಯೆಂದು ಮೋಸಹೋಗಿ ಕಾಯಿಗೆ ಬಾಯಿ ಹಾಕಬಾರದು. ಎಲೆ, ಕಾಯಿ, ಬೀಜ ಎಲ್ಲ ವಿಷ. ಮಣ್ಣಿನೊಳಗಿನ ಗೆಡ್ಡೆಯೊಂದೇ ನಮಗೆ. ಆ ಗೆಡ್ಡೆ ದಪ್ಪವಾಗಬೇಕಾದರೆ ಹೂವು ಬಂದ ಹಾಗೆಲ್ಲ ಚಿವುಟಬೇಕು. ಚಿವುಟುವ ಕೆಲಸ ಸಾವಿತ್ರಿಯದು. "ಪಾಪ, ಹೂ ಬಿಟ್ಟಿದ್ದೇ ತಪ್ಪಾ ಇದಕ್ಕೆ?" ಎಂದು ಗೊಣಗುತ್ತಲೇ ನೀಲಿ ಹೂಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಟೊಮ್ಯಾಟಿಲೊ ಎಷ್ಟು ಕಾಯಿ ಹಿಡಿದಿದೆಯೆಂದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಹಿಕಾಮಕ್ಕೆ ಮಳೆಗಾಲದ ಮೊದಲಿಂದ ಚಳಿಗಾಲದವರೆಗೆ ಬರಿಯ ನಂಬಿಕೆಯ ಮೇಲೆ ನೀರು ಹೊಯ್ಯಬೇಕು. ಒಳಗೆ ಗೆಡ್ಡೆ ಇದೆಯೋ, ಮುಳ್ಳುಹಂದಿ ಆಗಲೇ ಊಟ ಮುಗಿಸಿದೆಯೋ ಯಾರು ಬಲ್ಲರು? ಹೀಗಾಗಿ ನನ್ನ ಓಟೆಲ್ಲ ಟೊಮ್ಯಾಟಿಲೊಗೆ ಇತ್ತು.

ಮೊದಲ ಕೊಯ್ಲಿನ ಕಾಯಿಗಳನ್ನು ಕೆಂಡದಲ್ಲಿ ಸುಟ್ಟು, ಹಸಿಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಒರಳಿನಲ್ಲಿ ಅರೆದು, ಅಕ್ಕಿರೊಟ್ಟಿಯ ಜೊತೆ ಅವಳ ಮುಂದಿಟ್ಟೆ. ನಾನೊಂದು ಚೂರು ನಾಲಿಗೆಗೆ ಇಟ್ಟುಕೊಂಡೆ. ಆಹಾ! ಹುಳಿಯೇನೋ ಹೌದು, ಅದರ ಹಿಂದೆಯೇ ಕೆಂಡದ ಘಮ, ಎಲೆಯ ಹಸಿರು ವಾಸನೆ.

"ಹುಳಿ ಇದೆ" ಎಂದಳು ಸಾವಿತ್ರಿ.

"ಇನ್ನೇನು?"

"ಹುಳಿ ಇದೆ ರೀ. ಖಾರ ಇದೆ. ಚೆನ್ನಾಗಿದ್ಯಾ?"

ನಾನು ವರ್ಣಿಸಲು ಹೊರಟೆ. ಟೊಮೆಟೊ ಕಾಯಿಯ ಹಾಗೆ, ಇಲ್ಲ, ಎಳೆಮಾವಿನ ಹಾಗೆ, ಸುಟ್ಟ ಬದನೆಯನ್ನೂ ನೆನೆಸಿಕೋ ಎಂದು ಏನೇನೋ ಹೇಳಿದೆ. ಹೇಳಿದಷ್ಟೂ ಅವಳ ಮುಖ ಬಾಡಿತು. "ನೀವು ತಿನ್ನಿ, ನಿಮಗೆ ಗೊತ್ತಾಗುತ್ತೆ" ಎಂದು ಚಟ್ನಿಯನ್ನು ನನ್ನ ತಟ್ಟೆಗೆ ಬಳಿದು ಎದ್ದುಹೋದಳು. ಅಂಥ ಒಳ್ಳೆಯ ಚಟ್ನಿಯನ್ನು ಒಬ್ಬನೇ ತಿನ್ನುವುದು ಎಷ್ಟು ಕಷ್ಟವೆಂದು ನಿಮಗೆ ಹೇಗೆ ಹೇಳಲಿ? ನನಗೆ ಅಳು ಬಂತು, ಖಾರದ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಕಾಫಿ ಪಿಕ್ಕಿಂಗ್ ನಡೆಯುವ ಚಳಿಯ ದಿನಗಳಲ್ಲಿ ಹಿಕಾಮ ಅಗೆದೆವು. ದೊಡ್ಡ ಆಸೆಯೇನೂ ಉಳಿದಿರಲಿಲ್ಲ. ತೆಂಗಿನಕಾಯಿ ಗಾತ್ರದ ಒಂದು ಗೆಡ್ಡೆ ಬಂತು. ಸಾವಿತ್ರಿ ಅದರ ಕಂದು ಸಿಪ್ಪೆಯನ್ನು ಕೈಯಲ್ಲೇ ಸುಲಿದು, ಬೆಳ್ಳನೆಯ ತಿರುಳನ್ನು ಹೋಳು ಮಾಡಿ ತಟ್ಟೆಯಲ್ಲಿಟ್ಟಳು. ಪದ್ಧತಿಯಂತೆ ಮೊದಲ ಹೋಳು ನನಗೆ. ಅಗಿದೆ. ಇನ್ನೇನು ರುಚಿ ಬರುತ್ತದೆಂದು ಕಾದೆ. ಬರಲೇ ಇಲ್ಲ.

"ಥೂ, ಇದರಲ್ಲಿ ಏನೂ ಇಲ್ಲ ಕಣೇ! ನೀರು. ಚೂರು ಸಿಹಿ. ಇದಕ್ಕೇನಾ ಇಷ್ಟು ತಿಂಗಳು ಚಾಕರಿ ಮಾಡಿದ್ದು?"

ಅವಳ ಕೈಯಲ್ಲಿದ್ದ ಚಾಕು ನಿಂತಿತು. "ವಾಸನೆ?"

"ಇಲ್ಲ."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಾ?"

"ದೇವರಾಣೆಗೂ ಇಲ್ಲ."

ಅವಳೊಂದು ಹೋಳು ಬಾಯಿಗಿಟ್ಟು ಕಚ್ಚಿದಳು. ಕರುಂ ಎಂದಿತು. ಅಗಿಯುತ್ತ ಹೋದಳು, ಸದ್ದು ನಡುಮನೆಗೂ ಕೇಳುವಷ್ಟು. ನುಂಗಿ, ನನ್ನ ಮುಖವನ್ನೇ ನೋಡಿದಳು.

"ನೀರು. ಚೂರು ಸಿಹಿ" ಎಂದಳು. "ರೀ, ನಂಗೂ ಅಷ್ಟೇ ಸಿಕ್ತು!"

ಹೇಳುತ್ತಲೇ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. "ಇಷ್ಟು ದಿನ ನಿಮ್ಮದೇ ಒಂದು ಊಟ, ನನ್ನದೇ ಒಂದು ಊಟ ಆಗಿತ್ತು. ಇವತ್ತು ಇಬ್ರೂ ಒಂದೇ ತಿಂದ್ವಿ."

ಹೊಸ ರುಚಿಯನ್ನು ಹುಡುಕಿಕೊಂಡು ಮೆಕ್ಸಿಕೋವರೆಗೆ ಹೋಗಿದ್ದ ನನಗೆ, ಅವಳಿಗೆ ಬೇಕಾಗಿದ್ದು ರುಚಿಯಲ್ಲ, ಜೊತೆ ಎಂದು ಹೊಳೆದಿರಲಿಲ್ಲ. ಅವಳು ಎರಡನೆಯ ಹೋಳು ತೆಗೆದುಕೊಂಡಳು, ಮೂರನೆಯದಕ್ಕೂ ಕೈ ಹಾಕಿದಳು. ಸಂತೋಷದಲ್ಲಿ ನಾನೆದ್ದು, "ತಾಳು, ಉಪ್ಪು, ಖಾರದ ಪುಡಿ ಹಚ್ಚಿ, ನಿಂಬೆಹಣ್ಣು ಹಿಂಡಿ ಕೊಡ್ತೀನಿ" ಎಂದೆ.

"ಬೇಡ ರೀ" ಎಂದು ಸಾವಿತ್ರಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಅದೆಲ್ಲ ಹಾಕಿದ್ರೆ ನಿಮಗೆ ಜಾಸ್ತಿ ಗೊತ್ತಾಗಿಬಿಡುತ್ತೆ."