ಪಟ್ಟಿಯ ಮೊದಲ ಸಾಲು

ಇಡೀ ಸಂಸ್ಥೆ ಅವಳನ್ನು ಕರೆಯುತ್ತಿದ್ದುದು ಅನುಮಾನದಮ್ಮ ಎಂದು. ಬೆನ್ನ ಹಿಂದೆ ಹುಟ್ಟಿದ ಹೆಸರು ಆಮೇಲೆ ಎದುರಿಗೇ ಬಂತು. ಅವಳೂ ಬೇಡ ಅನ್ನಲಿಲ್ಲ. ಕ್ಯಾನ್ಸರ್ ಕೋಶಗಳನ್ನು ಬಾಟಲಿಯಲ್ಲಿ ಬೆಳೆಸಿ, ಅವುಗಳ ಮೇಲೆ ಔಷಧ ಹಾಕಿ ನೋಡುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಬರೆದದ್ದು ಹತ್ತೊಂಬತ್ತು ಲೇಖನ. ಪಕ್ಕದ ಕೋಣೆಯವರು ವರ್ಷಕ್ಕೇ ಅಷ್ಟು ಬರೆಯುತ್ತಾರೆ; ಬರೆದದ್ದನ್ನು ತಾವಾದರೂ ಓದುತ್ತಾರೋ ಇಲ್ಲವೋ, ದೇವರಿಗೇ ಗೊತ್ತು.

ಆ ಹತ್ತೊಂಬತ್ತರಲ್ಲಿ ಅವಳಿಗೆ ಹೆಸರು ತಂದದ್ದು ಒಂದೇ. ಸ್ತನ ಕ್ಯಾನ್ಸರಿನ ಕೋಶಗಳನ್ನು ಇಂಥ ಔಷಧ ಕೊಲ್ಲುತ್ತದೆ ಎಂಬ ಲೇಖನ. ನಾನೂರ ಹನ್ನೆರಡು ಮಂದಿ ತಮ್ಮ ಬರಹಗಳಲ್ಲಿ ಅದನ್ನು ಉಲ್ಲೇಖಿಸಿದ್ದರು. ಸಂಸ್ಥೆಯ ಮುಖ್ಯಸ್ಥರು ಬಂದವರಿಗೆಲ್ಲ ಅವಳನ್ನು ತೋರಿಸಿ, "ಇವರು ನಮ್ಮ ನಾನೂರು" ಎನ್ನುತ್ತಿದ್ದರು. ಅವಳ ಫ್ರೀಜರಿನಿಂದ ಅದೇ ಕೋಶಗಳನ್ನು ಇಸಿದುಕೊಂಡು ಹೋಗಿ ತಾವೂ ಕೆಲಸ ಶುರುಮಾಡಿದ್ದರು.

ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಒಂದು ಸಲಕ್ಕೆ ಒಂದೇ ಬಾಟಲಿ ತೆರೆಯಬೇಕು. ಅದನ್ನು ಮುಚ್ಚಿಟ್ಟು, ಮೇಜು ಒರೆಸಿ, ಆಮೇಲೆ ಇನ್ನೊಂದು. ಅಕ್ಕನಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆದ ದಿನ, ಆಸ್ಪತ್ರೆಗೆ ಓಡುವ ಅವಸರದಲ್ಲಿ ಅವಳು ಎರಡನ್ನು ಒಟ್ಟಿಗೆ ತೆರೆದಿದ್ದಳು. ಪಕ್ಕದ ಬಾಟಲಿಯ ಕರುಳಿನ ಕೋಶ, ಬೇಗ ಬೆಳೆಯುವ ಜಾತಿಯದು, ಒಂದು ತೊಟ್ಟು ಸ್ತನದ ಕೋಶದ ಬಾಟಲಿಯೊಳಗೆ ಬಿದ್ದಿರಬೇಕು. ತಿಂಗಳೊಪ್ಪತ್ತಿನಲ್ಲಿ ಬಂದ ನೆಂಟರೇ ಮನೆ ಯಜಮಾನರಾಗಿದ್ದರು. ಹೆಸರು ತಂದ ಆ ಲೇಖನದ ಪ್ರಯೋಗವೆಲ್ಲ ಆಮೇಲೆ ನಡೆದದ್ದು ಈ ನೆಂಟರ ಮೇಲೆಯೇ.

ಇದು ಗೊತ್ತಾದದ್ದು ಐದು ವರ್ಷದ ಮೇಲೆ. ಕೋಶ ಯಾವ ಮೂಲದ್ದೆಂದು ಹೇಳುವ, ಹೊಸದಾಗಿ ಕಲಿತುಬಂದ ಗುರುತು ಪರೀಕ್ಷೆಯನ್ನು, ಹುಟ್ಟುಗುಣ ಬಿಡಬೇಕಲ್ಲ, ತನ್ನ ಕೋಶಗಳ ಮೇಲೇ ಮಾಡಿದಳು. ಅವು ಸ್ತನದ ಕೋಶಗಳೇ ಅಲ್ಲ. ಮತ್ತೆ ಮಾಡಿದಳು, ಮೂರನೆಯ ಸಲವೂ ಮಾಡಿದಳು. ವಾರವಿಡೀ ಊಟ ರುಚಿಸಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಕ್ಕನ ಮುಂದೆ ಕೂತು ಎಲ್ಲ ಹೇಳಿದಳು.

"ಯಾರಿಗೂ ಗೊತ್ತಿಲ್ಲ ಕಣೇ ಅಕ್ಕ. ಸುಮ್ನಿದ್ರೆ ಹಾಗೇ ಮುಚ್ಚಿಹೋಗುತ್ತೆ."

ಅಕ್ಕ ತಲೆ ಎತ್ತಲಿಲ್ಲ. "ನಾನೂರು ಜನ ನಂಬಿದ್ದಾರಲ್ಲ. ಅವರಲ್ಲೊಬ್ಬ ಡಾಕ್ಟ್ರು ಆ ಔಷಧ ನನಗೇ ಬರೆದುಕೊಟ್ಟಿದ್ರೆ, ಆಗ್ಲೂ ಸುಮ್ನಿರ್ತಿದ್ಯಾ?"

ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮರುದಿನವೇ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ಬರೆದಳು: ತಪ್ಪು ನನ್ನದು, ಲೇಖನವನ್ನು ವಾಪಸ್ ಪಡೆಯುತ್ತೇನೆ, ನಡೆದದ್ದು ಹೀಗೆ. ತನ್ನಿಂದ ಆ ಕೋಶ ಪಡೆದವರಿಗೆಲ್ಲ ಒಂದೊಂದು ಪತ್ರ ಹಾಕಿದಳು, ಮುಖ್ಯಸ್ಥರಿಗೂ. ಉಳಿದವರು ಉತ್ತರ ಬರೆದರು. ಮುಖ್ಯಸ್ಥರಿಗೆ ಮಾತ್ರ ಜಾಣ ಕಿವುಡು.

ಎರಡು ವರ್ಷ ಕಳೆದು ಅವಳ ಕೆಲಸದ ಪರಿಶೀಲನೆ ಬಂತು. ಲೇಖನಗಳ ಪಟ್ಟಿ ಸಾಲದೆ ಹೋದರೆ ಅವಳ ಪ್ರಯೋಗಾಲಯ ಬೇರೆಯವರ ಪಾಲು. ಮುಖ್ಯಸ್ಥರು ಕರೆಸಿ ಕೂರಿಸಿದರು.

"ನೋಡಿಮ್ಮ, ಆ ವಾಪಸ್ ತೆಗೊಂಡಿದ್ದನ್ನ ಪಟ್ಟೀಲಿ ಕಾಣಿಸಬೇಡಿ. ನಮ್ಮದು ಮೂರು ಲೇಖನ ಹೊರಡೋಕೆ ರೆಡಿ ಇದೆ. ನಿಮ್ಮ ಹೆಸರೂ ಸೇರಿಸ್ತೀನಿ."

"ಯಾವ ಕೋಶದ ಮೇಲೆ ಮಾಡಿದ್ದು ಸರ್?"

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ಅದೇ, ನಿಮ್ಮ ಹತ್ರ ತಂದಿದ್ದು."

"ಹಾಗಿದ್ರೆ ನನ್ನ ಹೆಸರು ನನ್ನ ಹತ್ರಾನೇ ಇರ್ಲಿ ಬಿಡಿ."

ಕೋಣೆಗೆ ಬಂದು ಕಂಪ್ಯೂಟರ್ ಮುಂದೆ ಕೂತಳು. ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳು. ಹೆದರಿಕೆಗಿಂತ ಸಿಟ್ಟು ಒಂದು ಗೇಣು ಜಾಸ್ತಿ ಇತ್ತು. ಪಟ್ಟಿಯ ಕೊನೆಯಲ್ಲಿದ್ದ ವಾಪಸಾತಿಯ ಪ್ರಕಟಣೆಯನ್ನು ಎತ್ತಿ ಮೊದಲ ಸಾಲಿಗೆ ತಂದಿಟ್ಟಳು.

ಸಮಿತಿಯಲ್ಲಿ ಐದು ಜನ. ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು: "ಇದು ಟೈಪ್ ಮಾಡೋವಾಗ ತಪ್ಪಿ ಮೇಲೆ ಬಂದಿದ್ಯಾ?"

"ಇಲ್ಲ ಮೇಡಂ, ನಾನೇ ಹಾಕಿದ್ದು. ಉಳಿದ ಹದಿನೆಂಟರಿಂದ ಯಾರಿಗೆ ಏನು ಉಪಯೋಗ ಆಯ್ತೋ ನಂಗೊತ್ತಿಲ್ಲ. ಇದನ್ನ ಓದಿ ಹನ್ನೊಂದು ಕಡೆ ತಮ್ಮ ಬಾಟಲಿ ಪರೀಕ್ಷೆ ಮಾಡಿಸಿದ್ರು. ಏಳು ಕಡೆ ತಪ್ಪು ಕೋಶ ಸಿಕ್ತು. ಒಂದು ಕಡೆಯಂತೂ ಇನ್ನೇನು ರೋಗಿಗಳಿಗೆ ಕೊಡಬೇಕು ಅಂತಿದ್ದ ಔಷಧ ನಿಲ್ಲಿಸಿದ್ರು. ನನ್ನ ಕೆಲಸ ಯಾವುದು ಅಂತ ಕೇಳಿದ್ರೆ ನಾನು ಇದನ್ನೇ ತೋರಿಸೋದು."

ಪ್ರಾಧ್ಯಾಪಕಿ ಮುಖ್ಯಸ್ಥರತ್ತ ತಿರುಗಿದರು. "ಈ ಸಂಸ್ಥೆಯಲ್ಲಿ ಆ ಕೋಶ ಇನ್ಯಾರ ಹತ್ರ ಇದೆ? ಪರೀಕ್ಷೆ ಆಗಿದೆಯಾ?"

ಮುಖ್ಯಸ್ಥರು ಮತ್ತೆ ಕನ್ನಡಕ ಒರೆಸತೊಡಗಿದರು. ಪ್ರಾಧ್ಯಾಪಕಿ ಆ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ, ಒಂದು ತಿಂಗಳೊಳಗೆ ಉತ್ತರ ಬೇಕು ಎಂದೂ ಸೇರಿಸಿದರು.

ಆದರೂ ಮೂರು ಮತ ವಿರುದ್ಧ, ಎರಡು ಪರ. ಪ್ರಯೋಗಾಲಯ ಹೋಯಿತು. ಸಿಕ್ಕಿದ್ದು ಮೆಟ್ಟಿಲ ಪಕ್ಕದ ಹಳೆಯ ಸಾಮಾನಿನ ಕೋಣೆ, ಒಂದು ಮೇಜು, ಪರೀಕ್ಷೆಯ ಒಂದು ಯಂತ್ರ. ಮನೆಗೆ ಬಂದವಳ ಮುಖ ನೋಡಿ ಅಕ್ಕ ಕೇಳಿದಳು, "ಅಳ್ತಿದ್ದೀಯಾ?"

"ಸಿಟ್ಟಿಗೆ."

"ಸಿಟ್ಟಿಗಾದ್ರೆ ಅಳು. ಸೋತೆ ಅಂತ ಅತ್ರೆ ನಿನಗೆ ಊಟ ಹಾಕಲ್ಲ, ನೋಡು."

ಮೂರು ವಾರ ಕಳೆದಿರಬೇಕು. ಹೊಸ ಕೋಣೆಯ ಬಾಗಿಲಲ್ಲಿ ಮುಖ್ಯಸ್ಥರೇ ಬಂದು ನಿಂತಿದ್ದರು, ಕಂಕುಳಲ್ಲಿ ಒಂದು ಡಬ್ಬ. ಇಡೀ ಸಂಸ್ಥೆಯಲ್ಲಿ ಆ ಪರೀಕ್ಷೆ ಬರುತ್ತಿದ್ದುದು ಅನುಮಾನದಮ್ಮನೊಬ್ಬಳಿಗೇ. ಹಾದುಹೋಗುವವರೆಲ್ಲ ನೋಡಿಕೊಂಡೇ ಹೋದರು.

"ಮೂರು ಬಾಟಲಿ ಇದೆ," ಎಂದು ಅವರು ಡಬ್ಬವನ್ನು ಮುಂದೆ ಚಾಚಿದರು.

ಅವಳು ಮೇಜು ಒರೆಸಿದಳು, ಕೈಗವಸು ಹಾಕಿಕೊಂಡಳು. ಒಂದನ್ನು ಮಾತ್ರ ತೆಗೆದುಕೊಂಡಳು.

"ಉಳಿದದ್ದು ಹಿಡ್ಕೊಂಡಿರಿ ಸರ್. ಒಂದು ಸಲಕ್ಕೆ ಒಂದೇ."

ಮುಖ್ಯಸ್ಥರು ಡಬ್ಬ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.